ಓಬಳಪ್ಪನ ವಾಲ್ವ್ ಸೆಟ್ಟು

"ನೋಡವ್ವಾ, ಈಗ ಹಚ್ಚು. ಬಿಸಿ ಆಗ್ಲಿ ಅಂತ ಕಾಯೋದೇ ಬ್ಯಾಡ. ಸ್ವಿಚ್ ಹಾಕಿದ ತಕ್ಷಣ ಮಾತಾಡ್ತೈತೆ," ಎಂದು ಬೆನಕಪ್ಪ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಮುಚ್ಚಿದ್ದ ಬೆಡ್‌ಶೀಟನ್ನು ಎಳೆದ.

ಕಲ್ಪನಾ ಹೊನ್ನಾಳಿ ಬಸ್ಸಿನಿಂದ ಇಳಿದು ನೇರ ಅಪ್ಪನ ಮೈಕ್ ಸೆಟ್ ಅಂಗಡಿಗೇ ಬಂದಿದ್ದಳು. ಹೊನ್ನಾಳಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಶನಿವಾರ ಚನ್ನಗಿರಿಗೆ ಬಂದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ನಡುವಿನ ಹೊತ್ತೆಲ್ಲ ಗಿಟಾರಿಗೇ ಮೀಸಲು. ಅವಳು ಹೆಗಲ ಮೇಲಿನ ಗಿಟಾರ್ ಚೀಲವನ್ನೂ ಇಳಿಸದೆ ಪೆಟ್ಟಿಗೆಯನ್ನು ನೋಡಿದಳು. ಹೊಸ ರೆಕ್ಸಿನ್, ಹೊಸ ಜಾಲರಿ, ಹೊಸ ಗುಂಡಿಗಳು. ಬಗ್ಗಿ ಹಿಂದಕ್ಕೆ ಇಣುಕಿದಳು.

"ಅಪ್ಪಾಜಿ, ವಾಲ್ವುಗಳೆಲ್ಲಿ?"

"ಎಲ್ಲಾ ಕಿತ್ತೆಸೆದೆ!" ಎಂದ ಬೆನಕಪ್ಪ, ದೊಡ್ಡ ಗೆಲುವು ಗೆದ್ದವನ ದನಿಯಲ್ಲಿ.

ಆ ಪೆಟ್ಟಿಗೆ ಮೊದಲು ನಲ್ಲೂರಿನ ಓಬಳಪ್ಪನದು. ಊರೂರು ಸುತ್ತುತ್ತಿದ್ದ ಆರ್ಕೆಸ್ಟ್ರಾದಲ್ಲಿ ಓಬಳಪ್ಪ ಗಿಟಾರ್ ಬಾರಿಸುತ್ತಿದ್ದ, ಬೆನಕಪ್ಪ ಅದೇ ಆರ್ಕೆಸ್ಟ್ರಾಕ್ಕೆ ಮೈಕ್ ಸೆಟ್ ಕಟ್ಟುತ್ತಿದ್ದ. ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ ಆಂಪ್ಲಿಫೈಯರ್ ಅದು. ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗೆ ಕಾದ ಮೇಲೆಯೇ ಸದ್ದು ಹೊರಡುತ್ತಿತ್ತು. ಓಬಳಪ್ಪ ತೀರಿಕೊಂಡ ಮೇಲೆ ಅವನ ಹೆಂಡತಿ ಸಾವಂತ್ರಮ್ಮ, "ಅಟ್ಟದ ಮ್ಯಾಲೆ ಇಲಿ ಮರಿ ಹಾಕಾಕೆ ಜಾಗ ಆಗೈತೆ. ನೀನಾದ್ರೂ ಬಾರ್ಸವ್ವಾ," ಎಂದು ಕಲ್ಪನಾಗೆ ಕೊಟ್ಟಿದ್ದಳು.

ಹಳೇ ಸಿನಿಮಾ ಹಾಡು ನುಡಿಸಿದ ಯಂತ್ರದಲ್ಲಿ ಹೆವಿ ಮೆಟಲ್ ಹೊರಡಿಸುತ್ತೇನೆಂದು ಅವಳು ಹೊರಟಾಗ, ಅವಳ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಜಗಳೂರಿನ ಸತೀಶ್ ಕುಮಾರ್, "ಎತ್ತಿನ ಗಾಡಿ ತಗಂಡು ರೇಸಿಗೆ ಹೊಂಟಿದೀಯಲ್ಲ ಮಾರಾಯ್ತಿ!" ಎಂದು ನಕ್ಕಿದ್ದ. ನಗಲಿ ಬಿಡಿ, ಹುಡುಗಿ ಹಟಮಾರಿ. ಮೊದಮೊದಲು ಎಲ್ಲ ಗುಂಡಿಗಳನ್ನೂ ಕೊನೆತನಕ ತಿರುಗಿಸಿ ಬರೀ ಗದ್ದಲ ಎಬ್ಬಿಸಿದಳು. ಆಮೇಲೆ ಒಂದೊಂದಾಗಿ ಹಿಡಿತಕ್ಕೆ ಬಂತು. ಬಾಸ್ ಇಳಿಸಬೇಕು, ಇಲ್ಲದಿದ್ದರೆ ದಪ್ಪ ತಂತಿಯ ಸ್ವರ ಕೆಸರಾಗುತ್ತದೆ. ಮಧ್ಯದ ಸ್ವರ ಏರಿಸಬೇಕು. ಕಾಲಡಿಯ ಪೆಡಲಿನಲ್ಲಿ ಒರಟುತನ ಕಡಿಮೆ ಇಟ್ಟು ಜೋರು ಮಾತ್ರ ಹೆಚ್ಚಿಸಿ ವಾಲ್ವಿನ ಮೇಲೆ ನೂಕಬೇಕು. ಆ ಭಾರ ತಾಳಲಾರದೆ ವಾಲ್ವೇ ಗರ್ಜಿಸಬೇಕು. ಆಗ ಅಂಗೈಯಂಚಿನಿಂದ ತಂತಿ ಅದುಮಿ ಬಾರಿಸಿದರೆ ಒಂದೊಂದು ಏಟೂ ಎದೆಗೆ ಬಂದು ತಾಕುತ್ತದೆ.

ಬೆನಕಪ್ಪನಿಗೆ ಕೇಳಿಸಿದ್ದು ಮಾತ್ರ ಬರೀ ಗೊರಗೊರ. ಅವನಿಗಾದರೂ ಏನನ್ನಬೇಕು? ಜೀವಮಾನವೆಲ್ಲ ಅವನು ಹೊಡೆದಾಡಿದ್ದೇ ಆ ಗೊರಗೊರದ ಜೊತೆ. ಮದುವೆಯಿರಲಿ, ನಾಟಕವಿರಲಿ, ಮಠದ ಪ್ರವಚನವಿರಲಿ, ಮೈಕು ಒಂಚೂರು ಕೊರ್ ಎಂದರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. "ಬೆನಕಪ್ಪನ ಸೆಟ್ಟಾ? ಹಂಗಾದ್ರೆ ಗೊರಗೊರ ಇರಲ್ಲ ಬಿಡ್ರಿ," ಎಂದು ನ್ಯಾಮತಿಯವರೆಗೂ ಜನ ಅನ್ನುತ್ತಿದ್ದರು.

ಹೋದ ವಾರ ಮಗಳು, "ಮುಂದಿನ ಭಾನುವಾರ ದಾವಣಗೆರೆಯಾಗೆ ನಮ್ ಪ್ರೋಗ್ರಾಂ ಐತೆ. ಬರ್ತೀರಾ ಅಪ್ಪಾಜಿ?" ಎಂದು ಕೇಳಿದ್ದಳು. ಗಿಟಾರ್ ಹಿಡಿದಾಗಿನಿಂದ ಅವಳು ಹಾಗೆ ಕರೆದದ್ದೇ ಇಲ್ಲ. ಕರೆಯುವ ಹಾಗೆ ಅವನೂ ನಡೆದುಕೊಂಡಿರಲಿಲ್ಲ. ಬೆನಕಪ್ಪ ಒಳಗೊಳಗೇ ಹಿಗ್ಗಿದ. ಬಾಯಿಗೆ ಮಾತ್ರ "ನೋಡಾನ" ಎಂಬುದಷ್ಟೇ ಬಂತು. "ಸೌಂಡಿಗೆ ಇನ್ನೊಂಚೂರು ಬಿಗಿ ಬೇಕು, ಅಷ್ಟೇ," ಎಂದೂ ಅವಳು ಅಂದಿದ್ದಳು. ಅಷ್ಟು ಸಾಕಾಯಿತು ಅವನಿಗೆ. ಬರೀ ಕೈಯಲ್ಲಿ ಹೋಗಿ ಕುರ್ಚಿಯ ಮೇಲೆ ಕೂರುವುದಕ್ಕಿಂತ, ಮಗಳಿಗೆ ಏನಾದರೂ ಮಾಡಿಕೊಟ್ಟೇ ಹೋಗಬೇಕು ಅನ್ನಿಸಿತು. ಅವಳು ಸೋಮವಾರ ಬಸ್ಸು ಹತ್ತಿದ್ದೇ ತಡ, ಪೆಟ್ಟಿಗೆ ಬಿಚ್ಚಿದ.

ಒಳಗೆ ನೋಡಿದರೆ ಸ್ಪೀಕರಿನ ಕಾಗದ ಹರಿದು ಅಂಟು ಮೆತ್ತಿದ ತೇಪೆ. ಪ್ಲಗ್ಗಿಗೆ ಅರ್ತ್ ಪಿನ್ನೇ ಇಲ್ಲ. ವಾಲ್ವಿಗೆ ಹೋಗುವ ಕರೆಂಟೋ, ಮನೆ ಕರೆಂಟಿನ ಅಪ್ಪನಂಥದ್ದು. ಜಗಳೂರಿನ ಒದ್ದೆ ವೇದಿಕೆಯ ಮೇಲೆ ಇದೇ ಪೆಟ್ಟಿಗೆ ಒಮ್ಮೆ ಓಬಳಪ್ಪನನ್ನು ಒದ್ದು ಕೆಡವಿದ್ದು ನೆನಪಾಯಿತು. ಕಲ್ಪನಾ ಬರಿಗಾಲಲ್ಲಿ ನಿಂತು ಬಾರಿಸುವವಳು. ಅವಳಿಗೂ ಹಾಗೇ ಶಾಕ್ ಹೊಡೆದರೆ? ಅದೇ ಹೆದರಿಕೆಯಲ್ಲಿ ಇದ್ದಬದ್ದದ್ದೆಲ್ಲ ಕಿತ್ತು, ರೆಡಿಮೇಡ್ ಟ್ರಾನ್ಸಿಸ್ಟರ್ ಬೋರ್ಡು, ಹೊಸ ಸ್ಪೀಕರು ಕೂರಿಸಿದ. ಹಳೆಯದನ್ನೆಲ್ಲ ತ್ಯಾವಣಿಗೆಯಿಂದ ಬರುವ ಗುಜರಿ ಮೈಲಾರಿಯ ಆಟೋಕ್ಕೆ ಹಾಕಿದ.

ಈಗ ಕಲ್ಪನಾ ವೈರು ಸಿಕ್ಕಿಸಿ ತಂತಿ ಮೀಟಿದಳು. ಸ್ವರ ತೊಳೆದಿಟ್ಟಷ್ಟು ಶುದ್ಧವಾಗಿ ಬಂತು. ಬೆನಕಪ್ಪ ಮೀಸೆಯಲ್ಲೇ ನಕ್ಕ. ಅವಳು ಪೆಡಲ್ ತುಳಿದಳು. ತಗಡಿನ ಡಬ್ಬಿಯೊಳಗೆ ಕಣಜ ಸಿಕ್ಕಿಕೊಂಡ ಹಾಗೆ ಸದ್ದಾಯಿತು. ಬಾಸ್ ಇಳಿಸಿದಳು, ಮಧ್ಯದ್ದು ಏರಿಸಿದಳು, ಪೆಡಲಿನ ಜೋರು ಹೆಚ್ಚಿಸಿದಳು. ಕಣಜ ಕಣಜವೇ. ಗುಂಡಿ ತಿರುಗಿಸುತ್ತಿದ್ದ ಅವಳ ಬೆರಳುಗಳನ್ನು ನೋಡುತ್ತಾ ನೋಡುತ್ತಾ ಬೆನಕಪ್ಪನ ನಗು ಇಳಿದುಹೋಯಿತು.

ಚಹಾ ತಂದ ಹೆಂಡತಿ ಅನ್ನಪೂರ್ಣಮ್ಮ ಮಗಳ ಮುಖ ನೋಡಿದವಳೇ, "ಗಣಪತಿ ಮಾಡಾಕೆ ಹೋಗಿ ಅವರಪ್ಪನ್ನ ಮಾಡಿದ್ರೇನ್ರೀ?" ಎಂದಳು.

"ಹಳೇವು ಸಿಕ್ತಾವೇನೋ ನೋಡಾನ ನಡೀರಿ," ಎಂದು ಕಲ್ಪನಾ ಸ್ಕೂಟಿ ತೆಗೆದಳು.

ತ್ಯಾವಣಿಗೆಯಲ್ಲಿ ಮೈಲಾರಿ ಇವರನ್ನು ಕಂಡು ಎದ್ದು ನಿಂತ. "ಅಯ್ಯೋ, ಟ್ರಾನ್ಸ್‌ಫಾರ್ಮರ್ ಒಡದು ತಾಮ್ರ ಬಿಚ್ಚಿಬಿಟ್ವಲ್ರೀ. ಗಾಜಿನ ಬಲ್ಬು ಇಳಿಸೋವಾಗ್ಲೇ ಒಡದ್ವು. ಬೇಕಾಗಿತ್ತೇನ್ರೀ? ನೀವೇ ಕೊಟ್ರಲ್ಲ ಯಜಮಾನ್ರೇ!"

"ಹೌದಪ್ಪಾ, ನಾನೇ ಕೊಟ್ಟೆ," ಎಂದ ಬೆನಕಪ್ಪ. ಕಲ್ಪನಾ ಗಾಜಿನ ಚೂರುಗಳ ಮುಂದೆ ಸ್ವಲ್ಪ ಹೊತ್ತು ಕುಕ್ಕುರುಗಾಲಲ್ಲಿ ಕೂತಿದ್ದು, ಒಂದನ್ನೂ ಮುಟ್ಟದೆ ಎದ್ದಳು.

ವಾಪಸ್ಸು ಬರುವಾಗ ಸೂಳೆಕೆರೆ ಏರಿಯ ಮೇಲೆ ಅವಳು ಗಾಡಿ ನಿಲ್ಲಿಸಿದಳು. ಕೆಳಗೆ ತೆಪ್ಪದವರು ಬಲೆ ಎಳೆಯುತ್ತಿದ್ದರು. ಇಬ್ಬರೂ ತಡೆಗೋಡೆಯ ಮೇಲೆ ಕೂತರು.

"ಒಂದು ಅರ್ತ್ ವೈರ್ ಎಳೆದಿದ್ರೆ ಸಾಕಿತ್ತು ಕಣವ್ವಾ," ಎಂದ ಬೆನಕಪ್ಪ. "ಅದು ನನಗೆ ಗೊತ್ತಿಲ್ದೇನಲ್ಲ. ವೈರೂ ಅಂಗಡಿಯಾಗೇ ಇತ್ತು. ನಿಂಗೆ ಶಾಕ್ ಹೊಡೆದ್ರೆ ಅಂತ ಹೆದ್ರಿ, ಕೈಗೆ ಸಿಕ್ಕಿದ್ದೆಲ್ಲ ಕಿತ್ತೆ."

"ಒಂದು ಫೋನ್ ಮಾಡಿ ಕೇಳಬಾರ್ದಾಗಿತ್ತಾ ಅಪ್ಪಾಜಿ?"

"ನೀನು ಬಂದು ನೋಡಿ ಖುಷಿ ಪಡ್ಲಿ ಅಂತಿದ್ದೆ."

ಅವಳು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡ್ರಿ. ನಾಳೆ ಪ್ರೋಗ್ರಾಂಗೆ ಯಾರದಾದ್ರೂ ಗಿಟಾರ್ ಸೌಂಡ್ ಬದಲಾಯ್ಸೋ ಪ್ರೊಸೆಸರ್ ಇಸ್ಕಂತೀನಿ, ನಡೀತೈತೆ," ಎಂದಳು.

"ಅದ್ರಾಗೆ ಆ ಸೌಂಡು ಬರ್ತೈತಾ?"

"ಇಲ್ಲ."

ಬೆನಕಪ್ಪ ನೀರಿನ ಕಡೆ ನೋಡಿದ. ಆಮೇಲೆ ಕೇಳಿದ: "ಅದು ಹೆಂಗಿತ್ತವ್ವಾ?"

"ಇಷ್ಟು ದಿನ ಮನೇಲೇ ಇತ್ತಲ್ಲ ಅಪ್ಪಾಜಿ."

"ನಾನು ಕೇಳ್ಲಿಲ್ಲ."

ಕಲ್ಪನಾ ಮೊಬೈಲ್ ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗಿಟ್ಟು, ಇನ್ನೊಂದನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. "ಮೊದ್ಲನೇ ಸಲ ಸರಿಯಾಗಿ ಸೌಂಡು ಸಿಕ್ಕ ದಿನ ರೆಕಾರ್ಡ್ ಮಾಡಿದ್ದು. ಇದೊಂದೇ ಇರೋದು."

ಬೆನಕಪ್ಪ ಕಣ್ಣು ಮುಚ್ಚಿದ. ಮೊದಲು ದೊಡ್ಡ ಗರ್ಜನೆ ಬಂತು. ಸದ್ದು ಬಿಡಿಸಿ ಕೇಳುವ ಅವನ ಹಳೆಯ ಕಿವಿ ತಾನಾಗಿ ಅದರೊಳಗೆ ಇಳಿಯಿತು. ಗರ್ಜನೆಯ ಒಳಗೆ ಒಂದೊಂದು ತಂತಿಯೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ನಿಂತಿತ್ತು. ಏಟಿಗೂ ಏಟಿಗೂ ನಡುವಿನ ಜಾಗದಲ್ಲಿ ಒಂದು ಧೂಳಿನ ಕಣವೂ ಇರಲಿಲ್ಲ. ಸ್ವರ ಮೇಲೇರಿತು, ತಿರುಗಿತು, ಇನ್ನೂ ಮೇಲೇರತೊಡಗಿತು. ಇದು ನನ್ನ ಮಗಳು ಬಾರಿಸುತ್ತಿರುವುದು ಎಂದುಕೊಂಡಾಗ ಅವನ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಗಿಟಾರಿನ ಹಿಂದಿನಿಂದ ಗಂಡಸಿನ ಕೂಗೊಂದು ಬಂತು: "ಏಯ್, ನಿಲ್ಸೇ ಆ ದರಿದ್ರದ್ದ! ಮನೆಯಾಗೆ ಮನುಷ್ಯರು ಇರಬೇಕೋ ಬ್ಯಾಡೋ!" ಅವನದೇ ದನಿ. ಸ್ವರ ಅರ್ಧಕ್ಕೇ ನಿಂತಿತು. ಸ್ವಿಚ್ಚು ಟಕ್ ಎಂದಿತು. ರೆಕಾರ್ಡಿಂಗ್ ಅಲ್ಲಿಗೆ ಮುಗಿದಿತ್ತು.

ಕಲ್ಪನಾ ಇಯರ್‌ಫೋನ್ ತೆಗೆಯಲು ಕೈ ಚಾಚಿದಳು. ಬೆನಕಪ್ಪ ಅದನ್ನು ಕಿವಿಗೆ ಒತ್ತಿ ಹಿಡಿದುಕೊಂಡ.

"ಇನ್ನೊಂದ್ಸಲ ಹಾಕವ್ವಾ," ಎಂದ.

ಅವಳು ಹಾಕಿದಳು. ಗರ್ಜನೆ ಮತ್ತೆ ಎದ್ದಿತು, ಏರಿತು, ತಿರುಗಿತು. ಬೆನಕಪ್ಪ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಕೂತ. ಕಲ್ಪನಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಆ ಕೂಗು ಬರುವ ಮೊದಲೇ ಬೆರಳು ಒತ್ತಿ ನಿಲ್ಲಿಸಿ, "ಇಷ್ಟೇ ಅಪ್ಪಾಜಿ," ಎಂದಳು.