ಸೊಟ್ಟ ಸಾಲು

ಕರಿಯವ್ವ ದಾರದ ತುದಿಯನ್ನು ಎಂಜಲಿನಿಂದ ಹೊಸೆದು ಮತ್ತೊಮ್ಮೆ ಸೂಜಿಗೆ ಪೋಣಿಸಲು ಹೋದಳು. ಗಂಡಸರು ಇಮಾಮಬಾನುವಿನ ಜನಾಜಾ ಹೊತ್ತು ಆಗತಾನೆ ಕಬರಸ್ತಾನದ ದಾರಿ ಹಿಡಿದಿದ್ದರು. ಕುಕನೂರಿನ ಅರ್ಧ ಮನೆಗಳಿಗೆ ಹಳೆಬಟ್ಟೆ ಜೋಡಿಸಿ ಕೌದಿ ಹೊಲಿದುಕೊಟ್ಟ ಹೆಂಗಸು, ಒಂದು ಹೊಲಿಗೆಯೂ ಇಲ್ಲದ ಬಿಳಿ ಬಟ್ಟೆಯಲ್ಲಿ ಹೋಗಿದ್ದಳು. ಅದು ಅವರ ಪದ್ಧತಿ. ಪಕ್ಕದ ಮನೆಯ ಕರಿಯವ್ವನಿಗೆ ಅದು ಗೊತ್ತಿದ್ದದ್ದೇ.

"ಸತ್ತವರ ಅರ್ಧಾ ಕೌದಿ ಮನಿಯಾಗ ಇರಬಾರದು," ಅಂದಳು ಇಮಾಮಬಾನುವಿನ ತಂಗಿ ಶಹನಾಜಬೇಗಂ. "ಗಂಡಸರು ಮಣ್ಣು ಕೊಟ್ಟು ಬರೂದ್ರಾಗ ಯಾರಿಗಾರ ಕೊಟ್ಟುಬಿಡ್ರಿ."

ಇಮಾಮಬಾನುವಿನ ಸೊಸೆ ಅನೀಸಾ ತೊಡೆಯ ಮೇಲಿನ ಹಸುಗೂಸನ್ನು ನೋಡಿದಳು. ಅತ್ತೆ ಆ ಕೌದಿ ಹೊಲಿಯುತ್ತಿದ್ದದ್ದು ಈ ಕೂಸಿಗಾಗಿಯೇ.

"ಅವರು ಬರೂದ್ರಾಗ ಅದು ಅರ್ಧಾ ಇರಂಗಿಲ್ಲ," ಅಂದಳು ಕರಿಯವ್ವ.

"ನಿನಗ ಹೊಲಿಯಾಕ ಎಲ್ಲಿ ಬರತೈತಿ?" ಅಂದಳು ಶಹನಾಜಬೇಗಂ.

"ಬರಂಗಿಲ್ಲ. ಅದಕ್ಕ ಹೊಲಿತೀನಿ."

* * *

ಕೆಲವು ವರ್ಷಗಳ ಹಿಂದೆ ಪೇಟೆಯ ವ್ಯಾಪಾರಿಯೊಬ್ಬ ಇಮಾಮಬಾನುವಿಗೆ ಕೈತುಂಬ ಕೆಲಸ ಕೊಟ್ಟಿದ್ದ. ಎಲ್ಲ ಕೌದಿಗೂ ಒಂದೇ ಅಳತೆ, ಒಂದೇ ನೀಲಿ, ಒಂದೇ ಕೆಂಪು. ಹೊಲಿದು ಹೊಲಿದು ಅವಳಿಗೆ ಬಣ್ಣವೆಂದರೆ ವಾಕರಿಕೆ ಬಂತು. ಆಮೇಲೆ ತನಗಾಗಿ ಹೊಲಿಯಲು ಕೂತರೆ, ಯಾವ ತುಂಡಿನ ಪಕ್ಕ ಯಾವುದನ್ನಿಡಬೇಕೆಂದೇ ಹೊಳೆಯಲಿಲ್ಲ. "ಕೈ ಸತ್ತೈತಿ," ಎಂದು ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟಳು. ಅದು ಅಲ್ಲೇ ತುಕ್ಕು ಹಿಡಿಯಿತು.

ಕರಿಯವ್ವ ಸುಮ್ಮನಿರುವವಳಲ್ಲ. ತೀರಿಕೊಂಡ ಗಂಡನ ಧೋತರ, ತನ್ನ ಹಳೆಯ ಇಳಕಲ್ ಸೀರೆ ತಂದು ಇಮಾಮಬಾನುವಿನ ಕಟ್ಟೆಯ ಮೇಲೆಯೇ ಹಾಸಿ ಹೊಲಿಯಲು ಕೂತಳು. ಹೊಲಿಗೆ ಕುಡಿದವನ ನಡಿಗೆಯಂತೆ ಸಾಗಿತು. ನೋಡಲಾರದೆ ಬಿಚ್ಚಲು ಬಂದ ಇಮಾಮಬಾನು, ಆ ಸಾಲಿನುದ್ದಕ್ಕೂ ಬೆರಳಾಡಿಸಿ ನಕ್ಕುಬಿಟ್ಟಳು.

"ಎಲ್ಲಿಗೆ ಹೊಂಟೈತಿ ಇದು?"

"ಬಟ್ಟೀನೇ ಸೊಟ್ಟ ಐತಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

ಆದರೆ ಬಿಚ್ಚಲಿಲ್ಲ. ಸೊಟ್ಟ ಸಾಲಿನ ಪಕ್ಕದಲ್ಲೇ ತನ್ನದೊಂದು ಸಾಲು ಹಿಡಿದಳು, ಅದರ ಪಕ್ಕ ಇನ್ನೊಂದು. ಸಂಜೆಯ ಹೊತ್ತಿಗೆ ಕೌದಿಯ ತುಂಬ ಹಳ್ಳದ ನೀರು ಹರಿದಂತಿತ್ತು. ಅಂದಿನಿಂದ ಅವಳ ಕೈ ನಿಲ್ಲಲಿಲ್ಲ. ಪ್ರತಿ ಕೌದಿಯ ಮೊದಲ ಸಾಲನ್ನು ಮಾತ್ರ ಕರಿಯವ್ವನಿಂದಲೇ ಹಾಕಿಸುತ್ತಿದ್ದಳು.

* * *

ಕೂಸಿನ ಈ ಕೌದಿಯಲ್ಲಿ ಒಂದು ಮೂಲೆ ಇನ್ನೂ ಬಾಯಿ ತೆರೆದಿತ್ತು. ರೊಟ್ಟಿಯ ಚೂರೊಂದನ್ನು ಒಳಗಿಟ್ಟೇ ಮೂಲೆ ಮುಚ್ಚುವುದು ಇಮಾಮಬಾನುವಿನ ರೂಢಿ. ಹಸಿದ ಕೌದಿ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಕರಿಯವ್ವ ತನ್ನ ಮನೆಯಿಂದ ತಂದ ಬುಟ್ಟಿಯ ಜೋಳದ ರೊಟ್ಟಿ ಮುರಿದು ಒಳಗಿಟ್ಟಳು. ಅಳು ಬಂತು, ಅಳುತ್ತಲೇ ಹೊಲಿದಳು. ಮೂಲೆ ಮುಚ್ಚಿತು. ಸಾಲು ಎಂದಿಗಿಂತಲೂ ಸೊಟ್ಟಗಾಗಿತ್ತು.

"ಕೂಸಿನ ಕೌದಿ ಹಿಂಗಿದ್ರ ಹೆಂಗ? ಬಿಚ್ಚು ಅದನ್ನ, ಅನೀಸಾ," ಅಂದಳು ಶಹನಾಜಬೇಗಂ.

ಅತ್ತೆ ಎಷ್ಟು ಕರೆದರೂ ಎಂದೂ ಸೂಜಿ ಹಿಡಿಯದ ಅನೀಸಾ, ಕೂಸನ್ನು ಶಹನಾಜಬೇಗಂಳ ತೊಡೆಗೆ ದಾಟಿಸಿದಳು. ಕರಿಯವ್ವನ ಕೈಯಿಂದ ಸೂಜಿ ತೆಗೆದುಕೊಂಡು, ಸೊಟ್ಟ ಸಾಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

ಗಂಡಸರು ಮರಳಿ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ, ಕೌದಿಯ ಮೂಲೆಯಲ್ಲಿ ಎರಡನೆಯ ಸಾಲೊಂದು ಹೊರಟಿತ್ತು, ಮೊದಲನೆಯದು ಹೊರಳಿದಲ್ಲೆಲ್ಲ ತಾನೂ ಹೊರಳುತ್ತ.