ಹಸಿಗರಿಯ ಕಡ್ಡಿ

ಳಕಾರದ ಅಚ್ಚುಮೊಳೆ ಮತ್ತೆ ಲಕಾರದ ಗೂಡಿನಲ್ಲಿ ಬಿದ್ದಿದೆ, ಯಾವನು ಹಾಕಿದನೋ, ಯಾವನು ಅಂತ ಕೇಳುವುದೇಕೆ, ನಾನೇ ಹಾಕಿರಬೇಕು, ಈ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನೂ ನಾನೇ, ಬಿಚ್ಚಿ ಗೂಡಿಗೆ ಹಾಕುವವನೂ ನಾನೇ, ಬೈಯಬೇಕಾದರೆ ಕರಿಬಸವಯ್ಯ ಕರಿಬಸವಯ್ಯನನ್ನೇ ಬೈದುಕೊಳ್ಳಬೇಕು — ಹೊರಗೆ ತಿಪಟೂರಿನ ಬೀದಿಯಲ್ಲಿ ಕೊಬ್ಬರಿ ಚೀಲ ಎತ್ತುವವರ ಕೂಗು, ತಗಡಿನ ಮೇಲೆ ಸಣ್ಣಗೆ ಮಳೆ, ನಾಲ್ಕು ಗಂಟೆಗೆ ಚರ್ಚಿನ ಉಪದೇಶಿ ಸಮಾಧಾನಪ್ಪನವರು ಕರಡು ನೋಡಲು ಬರುತ್ತಾರೆ, ಒಳ್ಳೆಯ ಮನುಷ್ಯ ಪಾಪ, ಭಾನುವಾರ ಅವರ ಸಭೆಯವರಿಗೆಲ್ಲ ಉಪವಾಸವಂತೆ, ಒಟ್ಟಿಗೆ ಕೂತು ತಪ್ಪೊಪ್ಪಿಕೊಳ್ಳುವ ದಿನವಂತೆ, ಅದಕ್ಕೊಂದು ಕರಪತ್ರ, ಜನ ಓದಿ ಅಳ್ಬೇಕು ಕಣ್ರೀ ಅಂದಿದ್ದರು ಕೈಬರಹ ಕೊಡುವಾಗ, ಯಾರು ಅಳುತ್ತಾರೋ ಬಿಡುತ್ತಾರೋ, ಮೊದಲು ಓದಿದವನು ನಾನು. ಯೆಹೂದ್ಯರ ಹಳೆಯ ಗ್ರಂಥದ ಕಥೆಯನ್ನು ತಮ್ಮ ಮಾತಿನಲ್ಲಿ ಬರೆದಿದ್ದಾರೆ, ಸೆರೆಯಿಂದ ಊರಿಗೆ ಮರಳಿದ ಜನ, ಅವರಲ್ಲಿ ಕೆಲವರು ಬೇರೆ ಜನರ ಹೆಣ್ಣುಗಳನ್ನು ತಂದುಕೊಂಡಿದ್ದರಂತೆ, ಅದು ಕೇಳಿ ಒಬ್ಬ ಶಾಸ್ತ್ರಿ ಬಟ್ಟೆ ಹರಿದುಕೊಂಡು ಗಡ್ಡ ಕಿತ್ತುಕೊಂಡು ಕೂತನಂತೆ, ಊರಿಗೆ ಊರೇ ಬಯಲಿನಲ್ಲಿ ಸೇರಿ ಮಳೆಯಲ್ಲಿ ನಡುಗುತ್ತಾ ಹೌದು ತಪ್ಪು ಮಾಡಿದ್ದೇವೆ ಅಂದಿತಂತೆ, ಹೆಂಡಿರನ್ನು ಕಳಿಸಿಬಿಡುತ್ತೇವೆ ಅಂದಿತಂತೆ — ಮಳೆಯಲ್ಲಿ ಅನ್ನುವ ಪದ ಜೋಡಿಸುವಾಗ ಕೈ ನಿಂತಿತು, ಇವರಿಗೆ ಹೇಗೆ ಗೊತ್ತು, ಯಾವುದೋ ದೇಶದ ಸಾವಿರಾರು ವರ್ಷದ ಹಿಂದಿನ ಕಥೆಯಲ್ಲಿ ನಮ್ಮೂರು ಶೆಟ್ಟಿಕೆರೆಯ ಮಳೆ ಹೇಗೆ ಬಂತು. ಆಮೇಲೆ ಮುಂದಿನ ಸಾಲು ಜೋಡಿಸಿದೆ.

ಶೆಟ್ಟಿಕೆರೆಯಲ್ಲೂ ಸಣ್ಣ ಮಳೆಯೇ, ಹತ್ತು ವರ್ಷ ಆಯಿತು, ಎಪ್ಪತ್ಮೂರನೇ ಇಸವಿ, ದೇವಸ್ಥಾನದ ಮುಂದೆ ನಮ್ಮ ಕುಲದವರೆಲ್ಲ ಗೋಣಿಕೊಪ್ಪೆ ಹಾಕಿಕೊಂಡು ಕೂತಿದ್ದಾರೆ, ಕುಲದ ಯಜಮಾನ ಹಾಲಸ್ವಾಮಿ ಜಗುಲಿಯ ಮೇಲೆ, ಒಂದು ವರ್ಷದಿಂದ ಯಾರ ಮನೇಲೂ ಒಳ್ಳೇದಾಗ್ಲಿಲ್ಲ ಕಣ್ರಪ್ಪ, ಕುಲ ಕೆಟ್ಟದೆ, ಎಲ್ರೂ ಸೇರಿ ತಪ್ಪಾಯ್ತು ಅನ್ನಾನ ಅಂದ, ಎಲ್ಲರೂ ನೆಲಕ್ಕೆ ಹಣೆ ಹಚ್ಚಿದರು, ನಮ್ಮವ್ವ ಮೀನಾಕ್ಷಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಳು, ನಾನೂ ಅತ್ತೆ, ಸುಳ್ಳೇಕೆ, ಎಲ್ಲರ ಜೊತೆ ಅಳುವಾಗ ಒಂದು ಹಿತ ಇರುತ್ತದೆ, ಒಬ್ಬನದೇ ತಪ್ಪು ಅನ್ನಿಸುವುದಿಲ್ಲ, ಅತ್ತು ಮುಗಿದು ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಹೆಂಡತಿ ಪುಟ್ಟಗಂಗಮ್ಮ ಬೇರೆ ಕುಲದವಳು, ಮದುವೆಗೆ ಮುಂಚೆ ನಮ್ಮ ಅಟ್ಟದ ಮೇಲೆ ಕೊಬ್ಬರಿ ಆಗಲು ಇಟ್ಟ ಕಾಯಿಗಳನ್ನು ನೋಡಿಕೊಳ್ಳಲು ಬರುತ್ತಿದ್ದಳು, ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು, ಒಳಗೆ ಗುಂಡು ಬಿಟ್ಟು ಸದ್ದು ಮಾಡಿದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ, ಏಣಿ ಹಿಡಿದು ನಿಂತ ನನಗೆ ಮೇಲಿನಿಂದ ಹೇಳುವಳು, ನೀವೂ ಇನ್ನೂ ಆಗಿಲ್ಲ ಬುಡಿ, ಸದ್ದೇ ಇಲ್ಲ ನಿಮ್ಮಲ್ಲಿ, ಎಂಥ ನಗು ಅದು, ಒಂದು ವರ್ಷ ಸಂಸಾರ ಮಾಡಿದೆವು, ಆ ದಿನ ಅವಳಿಗೆ ಐದು ತಿಂಗಳು. ನಮ್ಮಲ್ಲಿ ಹೆಂಡತಿಯನ್ನು ಬಿಡುವುದೆಂದರೆ ಕಡ್ಡಿ ಮುರಿಯುವುದು, ಪೊರಕೆಯಿಂದ ಒಣಗಿದ ತೆಂಗಿನಗರಿಯ ಕಡ್ಡಿಯೊಂದನ್ನು ಹಿರಿದು ಒಂದು ತುದಿ ಅವಳಿಗೆ ಒಂದು ತುದಿ ಅವನಿಗೆ, ಗಂಡಸು ಲಟಕ್ಕನೆ ಮುರಿಯಬೇಕು, ಮುಗಿಯಿತು, ಆದರೆ ಮಳೆ ಅಂತ ಪೊರಕೆ ತರಲು ಯಾರೂ ಏಳಲಿಲ್ಲ, ಯಾರೋ ಪಕ್ಕದ ಮರದಿಂದ ಜೋತಿದ್ದ ಹಸಿಗರಿಯನ್ನೇ ಸೀಳಿ ಕಡ್ಡಿ ತೆಗೆದು ಕೊಟ್ಟರು, ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಒಬ್ಬರಿಗೂ ಹೊಳೆಯಲಿಲ್ಲ. ಮುರಿದೆ, ಬಾಗಿತು, ಇನ್ನೊಂದು ಸಲ, ಬಾಗಿತು, ತಿರುಚಿದೆ, ನಾರು ಬಿಚ್ಚಿಕೊಂಡಿತೇ ಹೊರತು ಬಿಡಲಿಲ್ಲ, ಆ ತುದಿ ಹಿಡಿದವಳು ನನಗೆ ಮಾತ್ರ ಕೇಳುವ ಹಾಗೆ, ಹಸೀದು ಕಣ್ರೀ, ಮುರಿಯಾಕಿಲ್ಲ. ಹಾಲಸ್ವಾಮಿ ಕೂಡ, ಎಷ್ಟಾದರೂ ಹಿರಿಯ, ಬುಡ್ಲಾ ಕರಿಬಸ್ವ, ಒಣಗಿದ್ದು ಸಿಗ್ಲಿ, ಇನ್ನೊಂದಿನ ನೋಡಾನ ಅಂದ — ಅಂದ, ಅಂದಿದ್ದು ನಿಜ, ನಾನು ಕಿವುಡನಲ್ಲ, ಬಿಟ್ಟು ಅವಳ ಕೈ ಹಿಡಿದು ಮನೆಗೆ ಹೋಗಬಹುದಿತ್ತು, ಆದರೆ ಹಿಂದೆ ಯಾವನೋ ಕಿಸಕ್ಕನೆ ನಕ್ಕ, ಒಂದು ಕಡ್ಡಿ ಮುರಿಯೋಕ್ಕಾಗಲ್ವೇನ್ಲಾ ಅಂದ, ನಾನು ಬಾಯಿಗಿಟ್ಟು ಹಲ್ಲಿನಿಂದ ಕಚ್ಚಿ ಕತ್ತರಿಸಿದೆ. ಉಳಿದ ತುಂಡನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತನ್ನವರಿದ್ದ ಹಂದನಕೆರೆಯ ದಾರಿ ಹಿಡಿದಳು.

ಕುಲದವರು ನನ್ನನ್ನು ಊಟಕ್ಕೆ ಕೂರಿಸಿಕೊಂಡರು, ಪಾಯಸ ಬಡಿಸಿದರು, ಹಸಿಕಡ್ಡಿ ಕಚ್ಚಿದ ಬಾಯಿಗೆ ಪಾಯಸವೂ ಕಹಿ, ಇನ್ನೊಂದು ಹೆಣ್ಣು ನೋಡಾನ ಕಣಪ್ಪ ಅಂದಳು ಅವ್ವ, ನಾನು ತಿಪಟೂರಿಗೆ ಬಂದು ಈ ಮೊಳೆಗಳ ಮುಂದೆ ನಿಂತೆ, ಹಿಂದಿನ ಕೋಣೆಯಲ್ಲಿ ಒಂದು ಸ್ಟವ್ವು ಒಂದು ಚಾಪೆ, ಜ್ವರ ಬಂದರೆ ಗಂಜಿ ಕಾಯಿಸುವವನೂ ಕುಡಿಯುವವನೂ ನಾನೇ. ಈಗ ಹೆಸರುಗಳು, ಉಪದೇಶಿಗಳು ಹೆಂಡಿರನ್ನು ಕಳಿಸಿದ ಗಂಡಸರ ಹೆಸರನ್ನೆಲ್ಲ ಬರೆದಿದ್ದಾರೆ, ಎರಡು ಕಾಲಂ ಆಗುತ್ತದೆ, ಹೆಂಗಸರ ಹೆಸರು ಒಂದೂ ಇಲ್ಲ, ಕೊನೆಗೆ ಕೆಲವರಿಗೆ ಮಕ್ಕಳೂ ಇದ್ದರು ಅಂತ ಒಂದು ಸಾಲು, ಅಷ್ಟೇ, ಎಲ್ಲಿಗೆ ಹೋದರು, ಮಳೆ ನಿಂತಿತ್ತೇ, ಏನೂ ಇಲ್ಲ, ಅದರ ಕೆಳಗೆ ಎರಡು ಬೆರಳು ಜಾಗ ಖಾಲಿ — ಕೈ ತಾನಾಗಿ ಗೂಡುಗಳಿಗೆ ಹೋಯಿತು, ಪು, ಟ್ಟ, ಗಂ, ಗ, ಮ್ಮ, ಹತ್ತು ವರ್ಷದಲ್ಲಿ ಯಾರ್ಯಾರದೋ ಮದುವೆ ಕರೆಯೋಲೆ ಜೋಡಿಸಿದ್ದೇನೆ, ಈ ಹೆಸರು ಒಮ್ಮೆಯೂ ಜೋಡಿಸಿರಲಿಲ್ಲ, ಅದರ ಪಕ್ಕ ಮಗಳದು, ಮಗಳದು ಏನು, ಹಂದನಕೆರೆ ಬಸ್ಸಿನ ಕಂಡಕ್ಟರು ಬೆಟ್ಟಸ್ವಾಮಿ ಹೋದ ವರ್ಷ ಹೇಳಿದ, ನಿಮ್ ಮಗ್ಳು ಸ್ಕೂಲಿಗೋಯ್ತವ್ಳೆ ಕಣ್ರೀ, ಥೇಟ್ ನಿಮ್ದೇ ಹಣೆ, ಹೆಸರೇನು ಅಂತ ಕೇಳಲು ಬಾಯಿ ತೆರೆದವನು ಬಸ್ಸು ರಶ್ಶೇನಪ್ಪ ಅಂತ ಕೇಳಿದೆ, ಥೂ, ಹಾಗಾಗಿ ಅವಳ ಹೆಸರಿನ ಜಾಗಕ್ಕೆ ಅಕ್ಷರವಿಲ್ಲದ ನಾಲ್ಕು ಖಾಲಿ ಮೊಳೆ ಇಟ್ಟೆ. ಮಸಿ ಹಚ್ಚಿ ಕರಡು ಪ್ರತಿ ತೆಗೆದೆ, ಆ ಹೆಸರು ಹಾಗೇ ಇರಲಿ, ಅವರು ಕೇಳಲಿ, ಕೇಳಿದರೆ ಇವತ್ತು ಹೇಳಿಬಿಡುತ್ತೇನೆ, ಹೇಳಿ ನಾಲ್ಕೂವರೆಯ ಬಸ್ಸು ಹತ್ತಿ ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಮಗುವಿನ ಹೆಸರು ಕೇಳುತ್ತೇನೆ, ಅವಳು ಬಾಗಿಲು ಹಾಕಿಕೊಂಡರೂ ಸರಿ.

ಸಮಾಧಾನಪ್ಪನವರು ಬಂದರು, ಛತ್ರಿ ಮೂಲೆಗಿಟ್ಟರು, ಕನ್ನಡಕ ಒರೆಸಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು, ಬೆರಳು ಕೊನೆಗೆ ಬಂತು, ಇದ್ಯಾರು ಕರಿಬಸವಯ್ಯ, ಪುಟ್ಟಗಂಗಮ್ಮ, ನಾನು ಬರ್ದಿಲ್ವಲ್ಲ, ಪಕ್ಕದ ಖಾಲಿ ಅವರಿಗೆ ಕಾಣಲಿಲ್ಲ, ಖಾಲಿ ಮೊಳೆ ಕಾಗದದ ಮೇಲೆ ಬೀಳುವುದಿಲ್ಲ, ನಿಮ್ಗೆ ಬೇಕಾದೋರಾ ಅಂತ ಮೆತ್ತಗೆ ಕೇಳಿದರು, ಕೇಳಿ ಕಾದರು, ನಿಜವಾಗಿಯೂ ಕಾದರು, ಇಲ್ಲ ಕಣ್ರೀ, ತಪ್ಪಾಯ್ತು, ಹಳೇ ಮೊಳೆ ಸೇರ್ಕೊಂಡವೆ, ತೆಗೀತೀನಿ ಅಂದೆ. ಅವರು ಹೋದರು. ಚಿಮಟದಲ್ಲಿ ಪು ಎತ್ತಿದೆ, ಪು ಗೂಡಿಗೆ, ಟ್ಟ ಎತ್ತಿದೆ, ನಿಲ್ದಾಣದ ಕಡೆ ಹಾರನ್ನು, ಅದು ಹಂದನಕೆರೆಯದೇ, ಎರಡು ಸಲ ಹೊಡೆದು ಹೊರಡುತ್ತಾನೆ ಬೆಟ್ಟಸ್ವಾಮಿಯ ಡ್ರೈವರು, ಓಡಿದರೆ ಸಿಗುತ್ತದೆ, ಗಂ, ಗ, ಓಡು, ಸದ್ದು ದೂರವಾಯಿತು, ಕೊನೆಯ ಮ್ಮ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಬರುತ್ತಿಲ್ಲ, ಎಳೆದರೂ ಬರುತ್ತಿಲ್ಲ, ನಾಲಿಗೆಯ ಮೇಲೆ ಅದೇ ಕಹಿ, ಮಳೆ, ಅವಳ ಕೈ ಚಾಚಿದೆ, ಎಲ್ಲರೂ ನೋಡುತ್ತಿದ್ದಾರೆ, ನನ್ನ ಕೈಯಲ್ಲಿ ಕಡ್ಡಿ ಬಾಗುತ್ತಿದೆ, ಹಸೀದು ಕಣ್ರೀ ಅನ್ನುತ್ತಿದ್ದಾಳೆ, ಬಾಗುತ್ತಿದೆ, ಇನ್ನೂ ಮುರಿದಿಲ್ಲ, ನಾನು ಅದನ್ನು ಬಾಯಿಯ ಹತ್ತಿರ ತರುತ್ತಿದ್ದೇನೆ —