ಜಿಡ್ಡು ಕುಡಿದ ಮರ

ಹಿತ್ತಾಳೆಯ ಕೊಳವೆ ಮತ್ತೆ ಜಾರಿ ಈಚೆ ಬಂತು. ಬಸವೇಶ ಅದನ್ನು ಒರೆಸಿ, ಹೊಸದಾಗಿ ಅಂಟು ಸವರಿ, ಮರದ ತುಂಡಿಗೆ ಕೊರೆದಿದ್ದ ತೂತಿನೊಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ತಳ್ಳಿ ನೋಡಿದ. ಮತ್ತದೇ ರಾಗ. ಕೊಳವೆ ಗಟ್ಟಿಯಾಗಿ ಕೂತರೆ ತಾನೇ ಅದರೊಳಗೆ ರೀಫಿಲ್ಲು, ಆಮೇಲೆ ಪೆನ್ನು! ಮೊದಲ ಸಲ ಹಾಗೂ ಹೀಗೂ ಲೇತಿಗೆ ಏರಿಸಿ ತುದಿಗೆ ಉಳಿ ಹಿಡಿದಿದ್ದ. ಮರ ಬಿಸಿಯಾದದ್ದೇ ತಡ, ಕೊಳವೆ ಕೈಬಿಟ್ಟಿತು. ಹುಣಸೆ, ಹೊನ್ನೆ, ಹಲಸು, ಬೇಲಿಯ ಜಾಲಿ, ಯಾವ ಮರವೂ ಅವನನ್ನು ಹೀಗೆ ಆಟ ಆಡಿಸಿರಲಿಲ್ಲ.

ನೋಡಲು ಮಾತ್ರ ಚೆಂದವೆಂದರೆ ಚೆಂದ. ಕಪ್ಪಗೆ, ನುಣ್ಣಗೆ, ನಡುವೆ ಸವೆದು ಬಳೆ ಬಳೆಯಾಗಿ ಸುತ್ತ ಗೀರು ಬಿದ್ದ ಮರ. ಆ ಗೀರುಗಳ ಜಾಗ ಬೆರಳಿಗೆ ಹೇಳಿ ಮಾಡಿಸಿದ ಹಾಗಿದೆಯೆಂದು ಆಸೆಪಟ್ಟು, ಉದ್ದನೆಯ ಕೋಲಿನ ಸರಿಯಾದ ನಡುವನ್ನೇ ಕುಯ್ದಿದ್ದ. ಈಗ ಹೊಟ್ಟಿನ ಗುಡ್ಡೆಯ ಮುಂದೆ ಕೂತು ಮೂಗು ಅರಳಿಸಿದ.

"ಕೋಮಲಾ, ತುಪ್ಪ ಕಾಯಿಸ್ತಿದ್ದೀಯಾ? ಸೀದೋಯ್ತದೆ ನೋಡು!"

"ಯಾವ ತುಪ್ಪ? ಒಲೆ ಮ್ಯಾಲೆ ಉಳ್ಳಿಕಾಳು ಅದೆ," ಎನ್ನುತ್ತಾ ಹೆಂಡತಿ ಕೋಮಲ ಒದ್ದೆ ಕೈಯಲ್ಲೇ ಹಿತ್ತಲಿನ ಶೆಡ್ಡಿಗೆ ಬಂದಳು.

ಬಸವೇಶನಿಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ. ವಾರವಿಡೀ ಸುಟ್ಟುಹೋದ ಪಂಪ್‌ಸೆಟ್ಟುಗಳ ಸಹವಾಸ. ಭಾನುವಾರ ಬಂತೆಂದರೆ ಮನುಷ್ಯ ಶೆಡ್ಡಿನಲ್ಲಿ. ಮಂಚದ ಕಾಲು ಮಾಡುತ್ತಿದ್ದ ಮುಳ್ಳೂರಿನ ಆಚಾರಿಯೊಬ್ಬರು ಬಿಟ್ಟುಬಿಟ್ಟ ಲೇತನ್ನು ತಂದು, ಹಳೆಯ ಗ್ರೈಂಡರಿನ ಮೋಟಾರು ಕೂರಿಸಿ, ಪೆನ್ನು ಮಾಡಲು ಕೂತ. ಮಾರುವುದಿಲ್ಲ, ಸುಮ್ಮನೆ ಕೊಡುತ್ತಾನೆ. ಡಾಕ್ಟರಿಗೆ ಒಂದು, ಹಾಲಿನವನಿಗೆ ಒಂದು, ಬರೆಯಲು ಬಾರದ ಹೂವಿನ ಅಜ್ಜಿಗೂ ಒಂದು. "ಬಸವೇಶಣ್ಣನ ಕಣ್ಣಿಗೆ ಬೀಳ್ಬ್ಯಾಡಿ, ಪೆನ್ನು ಕೊಟ್ಬುಡ್ತನೆ" ಎಂದು ಬೀದಿಯವರು ರೇಗಿಸುತ್ತಿದ್ದರು. ರೇಗಿಸಿದವರೇ ಮರ ತಂದುಕೊಡುತ್ತಿದ್ದರೆನ್ನಿ. ಗೇಟಿನ ಒಳಗೆ ಒಂದು ಟೊಮೆಟೊ ಕ್ರೇಟು ಇಟ್ಟಿದ್ದ. ಹನೂರಿನ ಕಡೆಯಿಂದ ಬಂದವರು, ಮನೆ ಕೆಡವಿದವರು, ಮರ ಕಡಿಸಿದವರು ಒಂದೊಂದು ತುಂಡನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಕ್ರೇಟಿನಲ್ಲಿ ಬಿದ್ದದ್ದೆಲ್ಲ ಪೆನ್ನಿಗೆ, ಅದಕ್ಕೆ ಕೇಳುವುದು ಹೇಳುವುದು ಇಲ್ಲ.

ಕೋಮಲ ಬಗ್ಗಿ ಹಿಡಿ ಹೊಟ್ಟನ್ನು ಎತ್ತಿ ಮೂಸಿದಳು. ಆಮೇಲೆ ಗೋಡೆಗೆ ಒರಗಿಸಿದ್ದ ಕೋಲಿನ ಎರಡು ತುಂಡುಗಳನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಈ ಕೋಲು ಎಲ್ಲಿತ್ತು?"

"ಕ್ರೇಟ್‌ನಾಗೆ."

"ಅಯ್ಯೋ ನನ್ ಶಿವ್ನೇ. ಇದು ನಮ್ಮವ್ವನ ಕಡಗೋಲು ಕಣ್ರೀ! ಕುಯ್ದಾಕ್ಬುಟ್ರಲ್ರೀ!"

ಬೆಳಿಗ್ಗೆ ಅವಳ ತಮ್ಮ ಶಿವರಾಜು ಹೊನ್ನೂರಿನಿಂದ ಬೈಕಿನಲ್ಲಿ ಮಾರ್ಕೆಟ್ಟಿಗೆ ಹೋಗುವಾಗ ಗೇಟಿಗೊಂದು ಚೀಲ ನೇತುಹಾಕಿ, "ಅವ್ವ ಮಧ್ಯಾನ ಬತ್ತಳೆ ಕಣಕ್ಕಾ" ಎಂದು ಕೂಗಿ ಹೋಗಿದ್ದ. ಕೋಮಲ ಓಡಿಹೋಗಿ ಆ ಚೀಲ ತಂದು ಸುರಿದಳು. ನುಗ್ಗೆಕಾಯಿ, ಕರಿಬೇವು, ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಕಡಗೋಲಿನ ಹೂವಿನಂಥ ತಲೆ. ಕೋಲು ಚೀಲದಲ್ಲಿ ಹಿಡಿಸದೆ ಪುಣ್ಯಾತ್ಮ ಕ್ರೇಟಿಗೆ ಸಿಕ್ಕಿಸಿದ್ದ.

ಬಸವೇಶ ತಲೆ ಮೇಲೆ ಕೈ ಹೊತ್ತು ಕೂತ. ಕಡಗೋಲು ಬರುವುದು ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಮೊನ್ನೆ ಕೋಮಲಳೇ ಹೇಳಿದ್ದಳು: ಕಡಗೋಲಿನ ತಲೆ ಅಲ್ಲಾಡುತ್ತಿದೆಯಂತೆ, ಅಳಿಮಯ್ಯ ಮಿಷಿನ್ನಿನಲ್ಲಿ ಗಟ್ಟಿ ಮಾಡಿಕೊಡುತ್ತಾರೇನೋ ಕೇಳು ಅಂತ ಅವ್ವ ಅಂದಳು, ಎಂದು. ಅದನ್ನು ಕೇಳಿ ಅವನು ಎರಡು ದಿನ ನೆಲದ ಮೇಲೆ ನಡೆದಿರಲಿಲ್ಲ. ಆದರೆ ತಲೆಯಿಲ್ಲದೆ ಬಂದ ಕಡಗೋಲು ಅವನ ಕಣ್ಣಿಗೆ ಬರೀ ಒಳ್ಳೆಯ ಮರವಾಗಿ ಕಂಡಿತ್ತು.

ಅಷ್ಟು ಹಿಗ್ಗಲು ಕಾರಣವಿತ್ತು. ಅತ್ತೆ ಚನ್ನಮಲ್ಲಮ್ಮ ಅಳಿಯನಿಗೆ ಒಂದು ಕೆಲಸ ಹೇಳಿದ್ದು ಇದೇ ಮೊದಲು. ಕೆಲಸವಿರಲಿ, ಮದುವೆಯಾದಾಗಿನಿಂದ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅಳಿಯ ಬಂದರೆ ಸೆರಗು ಹೊದ್ದು ಬಾಗಿಲ ಹಿಂದೆ ಸರಿಯುವ ಹಳೆಯ ಕಾಲದವರು. ಹೇಳುವುದೇನಿದ್ದರೂ ಮಗಳ ಮೂಲಕ. ಅವನು ಕೈಗೆ ಎಟಕುವಷ್ಟು ಹತ್ತಿರ ಕೂತಿದ್ದರೂ, "ನೀರು ಬೇಕೇನೋ ಕೇಳು ಕೋಮಲಾ." ಒಂದು ಸಲ ಕೋಮಲ ಮನೆಯಲ್ಲಿಲ್ಲದಾಗ, "ಅಳಿಮಯ್ಯ ಉಂಡ್ರೋ ಇಲ್ವೋ" ಎಂದು ಬೆಕ್ಕನ್ನು ಕೇಳಿದ್ದರು. ಬಸವೇಶ ಬೆಕ್ಕಿಗೇ ಉತ್ತರ ಹೇಳಿದ್ದ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನಿಗೆ ಆ ಅತ್ತೆ ಒಂದು ದಿನ ಎದುರು ಕೂತು ಮಾತಾಡಲಿ ಎಂಬ ಆಸೆ ಮನಸ್ಸಿನಲ್ಲಿ ಇದ್ದೇ ಇತ್ತು.

"ಕ್ರೇಟ್‌ನಾಗೆ ಒಳ್ಳೆ ಹಲಸಿನ ಕೋಲು ಅದೆ," ಕೋಮಲ ಪಿಸುಗುಟ್ಟಿದಳು. "ಅವ್ವ ಬರೋದ್ರೊಳ್ಗೆ ಒಂದು ಮಾಡ್ಬುಡಿ. ನಾನು ತುಪ್ಪ ಸವ್ರಿ, ಒಲೆ ಒಗೆ ಇಡಿಸಿ ಕಪ್ಪು ಮಾಡ್ತೀನಿ. ಅವ್ವನ ಕಣ್ಣು ಮಂಜಾಗವೆ, ಗೊತ್ತಾಗಾಕಿಲ್ಲ."

ಅಷ್ಟರಲ್ಲೇ ಗೇಟಿನ ಹತ್ತಿರ ಆಟೋ ನಿಂತಿತು. ಇಳಿದ ಚನ್ನಮಲ್ಲಮ್ಮ ಅಲ್ಲಿಂದಲೇ, "ಯಾರ್ಲಾ ಅದು ತುಪ್ಪ ಕಾಯಿಸ್ತಾ ಇರೋದು? ಘಮ್ ಅಂತದೆ!" ಎಂದರು. ಕಣ್ಣು ಮಂಜಾಗಿತ್ತು, ಮೂಗು ಗಟ್ಟಿಮುಟ್ಟಾಗಿತ್ತು.

ಸುಳ್ಳು ಹೇಳುವುದಕ್ಕೂ ಒಂದು ಕಸುಬು ಬೇಕು, ಬಸವೇಶನಿಗೆ ಅದು ಇರಲಿಲ್ಲ. ಕುಯ್ದ ತುಂಡುಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲ ಈಚೆಗೆ ನಿಂತ. ಅತ್ತೆ ಆಚೆಗೆ. ನಡುವೆ ಕೋಮಲ.

"ಅತ್ತೆಯೋರಿಗೆ ಏಳು. ಪೆನ್ನಿನ ಮರ ಅಂದ್ಕಂಡು ನಾನೇ ಕುಯ್ದೆ. ತಪ್ಪು ನಂದು, ಶಿವರಾಜುನ ಬಯ್ಯೋದು ಬ್ಯಾಡ."

"ಅವ್ವಾ, ಇವ್ರು ಪೆನ್ನಿನ ಮರ ಅಂದ್ಕಂಡು..." ಎಂದು ಕೋಮಲ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಅವ್ವನ ಕೈ ಆಗಲೇ ಬಾಗಿಲ ಸಂದಿಯಿಂದ ಬಂದು ತಟ್ಟೆಯನ್ನು ಎಳೆದುಕೊಂಡಿತ್ತು.

ಒಳಗೆ ತುಂಡುಗಳನ್ನು ಒಂದೊಂದಾಗಿ ಎತ್ತಿ ಇಡುವ ಸದ್ದು. ಮಿಕ್ಸಿಯಲ್ಲಿ ಕಡೆದ ಮಜ್ಜಿಗೆಯನ್ನು ಬಾಯಿಗೂ ಬಿಡದ ಹೆಂಗಸು, ಮಕ್ಕಳಿಗೆಲ್ಲ ಬೆಣ್ಣೆ ತೆಗೆದುಕೊಟ್ಟ ಕೋಲು. ಮೊದಲ ಸಲ ನಂಬಿ ಒಂದು ವಸ್ತು ಕೈಗಿಟ್ಟರೆ ಅದನ್ನು ಹೀಗೆ ಮೂರು ತುಂಡು ಮಾಡಿ ತಟ್ಟೆಯಲ್ಲಿ ಹಿಡಿದು ನಿಂತಿದ್ದೇನಲ್ಲ ಎಂದು ಬಸವೇಶ ನಾಚಿಕೆಯಿಂದ ಕುಗ್ಗಿಹೋದ.

"ಕೋಮಲಾ," ಕೊನೆಗೂ ಒಳಗಿನಿಂದ ಮಾತು ಬಂತು. "ಎಮ್ಮೆ ನಾಳೆ ಬೆಳಿಗ್ಗೆ ಆಲು ಕೊಡದೆ ಬುಟ್ಟದಾ? ಬೇರೆ ಕೋಲು ಆಯ್ತದಾ ಕೇಳು."

ಆಗದೆ ಏನು! ಬಸವೇಶ ಶೆಡ್ಡಿಗೆ ಓಡಿದ. ಇಷ್ಟುದ್ದದ ಕೆಲಸ ಆ ಲೇತು ಕಂಡು ಕಾಲವಾಗಿತ್ತು. ಪೆನ್ನಿಗೆ ಗೇಣು ಜಾಗ ಸಾಕಾಗುತ್ತಿದ್ದುದರಿಂದ ಮಿಕ್ಕ ಜಾಗ ಬೆಕ್ಕಿನ ಪಾಲಾಗಿತ್ತು. ಅದನ್ನು ಎಬ್ಬಿಸಿ ಓಡಿಸಿ, ಹಲಸಿನ ಕೋಲನ್ನು ಎರಡು ತುದಿಗೂ ಬಿಗಿದು ಸ್ವಿಚ್ಚು ಹಾಕಿದ. ಹಳದಿ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ ತೋಳಿಗೆ ಮೆತ್ತಿಕೊಂಡಿತು. ಚನ್ನಮಲ್ಲಮ್ಮ ಬಂದು ಶೆಡ್ಡಿನ ಬಾಗಿಲ ಮರೆಯಲ್ಲಿ ನಿಂತರು. ಕೋಮಲ ಹೊಸ್ತಿಲಲ್ಲಿ.

"ತುದಿ ಒಸಿ ಚೂಪಾಗ್ಲಿ ಅನ್ನು."

"ತುದಿ ಒಸಿ ಚೂಪಾಗ್ಬೇಕಂತೆ!"

"ಏನು?" ಮೋಟಾರಿನ ಸದ್ದಿನಲ್ಲಿ ಬಸವೇಶ ಕೂಗಿದ.

"ಚೂಪು! ಚೂಪು!"

"ಸೋಪಾ? ಸೋಪು ಯಾಕೆ?"

ಕೋಮಲ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಉಳಿ ಕೋಲಿನ ನಡುವಿಗೆ ಬಂದಿತ್ತು. ಬಸವೇಶನ ಕೈಗೆ ಅಭ್ಯಾಸವಿದ್ದದ್ದು ಒಂದೇ, ಬೆರಳಿನ ಗಾತ್ರ. ಮನಸ್ಸು ಕಡಗೋಲು ಎನ್ನುತ್ತಿದ್ದರೂ ಕೈ ತನ್ನ ಪಾಡಿಗೆ ಪೆನ್ನಿನ ಕಡೆಗೆ ನಡೆದಿತ್ತು. ಕೋಲಿನ ಸೊಂಟ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು.

"ಸಾಕು ಅನ್ನು ಕೋಮಲಾ. ಸಾಕನ್ನು, ಸಾಕನ್ನೇ!" ಕೋಮಲ ಬಾಯಿ ತೆರೆಯುವಷ್ಟು ವ್ಯವಧಾನವೂ ಅತ್ತೆಗೆ ಉಳಿಯಲಿಲ್ಲ. ಮಗಳನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದೇ ಬಂದರು. "ಅಳಿಮಯ್ಯಾ! ಅಷ್ಟು ಸಣ್ಣ ಮಾಡ್ಬ್ಯಾಡಿ! ಅಗ್ಗ ಎಳುದ್ರೆ ಮುರ್ದೋಯ್ತದೆ!"

ಬಸವೇಶ ಸ್ವಿಚ್ಚು ಆರಿಸಿದ. ಲೇತು ನಿಧಾನವಾಗಿ ನಿಂತಿತು. ಅತ್ತೆಯ ಸೆರಗು ಹೆಗಲಿಗೆ ಜಾರಿತ್ತು, ಕೈ ಇನ್ನೂ ಮೇಲಿತ್ತು. ಮೂವರಿಗೂ ಏನಾಯಿತೆಂದು ಗೊತ್ತಾಯಿತು. ಕೋಮಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ಅಲ್ಲಿಂದಲೂ ಸೋರಿತು.

"ಇಷ್ಟು ದಪ್ಪ ಇರ್ಲಾ ಅತ್ತೆ?" ಬಸವೇಶ ಮೆಲ್ಲಗೆ ಕೇಳಿದ.

ಚನ್ನಮಲ್ಲಮ್ಮ ಒಂದು ಗಳಿಗೆ ಮಗಳ ಮುಖ ನೋಡಿದರು. ಆಮೇಲೆ ಹತ್ತಿರ ಬಂದು ಕೋಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. "ಇರ್ಲಿ. ಇಷ್ಟಾದ್ರೆ ಆಯ್ತು. ಮ್ಯಾಲೆ ನುಣ್ಣಗೆ ಉಜ್ಜಿ, ಸಿಬ್ರು ಏಳ್ಬಾರ್ದು."

ಉಪ್ಪುಕಾಗದ ಹಿಡಿದು ಉಜ್ಜಿದ. ತುದಿಯನ್ನು ಚೂಪಾಗಿಸಿ ಹಳೆಯ ತಲೆಯನ್ನು ಹೊಡೆದು ಕೂರಿಸಿದ. ಅವನು ಕೆಲಸ ಮುಗಿಸುವ ಹೊತ್ತಿಗೆ ಅತ್ತೆ ಅವನ ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಯಾವಾಗ ಕೂತರೋ ಅವನು ಗಮನಿಸಿರಲಿಲ್ಲ. ಕೋಮಲ ಎಲ್ಲರಿಗೂ ಅಲ್ಲಿಗೇ ಮಜ್ಜಿಗೆ ತಂದುಕೊಟ್ಟಳು. ಮಿಕ್ಸಿಯ ಮಜ್ಜಿಗೆ. ಚನ್ನಮಲ್ಲಮ್ಮ ಮುಖ ಸಿಂಡರಿಸಿ ಕುಡಿದರು. ಹೊಸ ಕಡಗೋಲನ್ನು ಅಲ್ಲಾಡಿಸಿ ನೋಡಿ, "ಗಟ್ಟಿ ಅದೆ" ಎಂದರು. ಬಸವೇಶನಿಗೆ ಅಷ್ಟು ಸಾಕಾಗಿತ್ತು. ಹೊಟ್ಟೆ ತುಂಬಿದ ಹಾಗಾಯಿತು.

ಅತ್ತೆಯ ಮಡಿಲಲ್ಲಿ ಹಳೆಯ ಕೋಲಿನ ನಡುವಿನ ತುಂಡಿತ್ತು, ಹಗ್ಗದ ಗೀರುಗಳಿದ್ದ ತುಂಡು.

"ಇದು ಬರೀತದಾ?" ಎಂದು ಕೇಳಿದರು.

"ಇನ್ನೂ ಇಲ್ಲ ಅತ್ತೆ. ಅಂಟು ಇಡೀತಾ ಇಲ್ಲ. ಜಿಡ್ಡು ಕುಡ್ದದೆ."

"ಕುಡೀದೆ ಇದ್ದದಾ? ಕೋಮಲ ಉಟ್ಟೋಕೂ ಮುಂಚಿಂದ ಕುಡೀತಾ ಬಂದದೆ." ಅವರು ನಕ್ಕರು. ಅತ್ತೆ ನಗುವುದನ್ನು ಬಸವೇಶ ಎದುರಿನಿಂದ ನೋಡಿದ್ದು ಅದೇ ಮೊದಲು. ಕೋಮಲಳದೇ ನಗು.

ಅವರು ಆ ತುಂಡನ್ನು ಎರಡೂ ಅಂಗೈಗಳ ನಡುವೆ ಇಟ್ಟು, ಖಾಲಿಯಾದ ಮಜ್ಜಿಗೆ ಲೋಟದೊಳಗೆ ನಿಲ್ಲಿಸಿ, ಕಡೆಯುವ ಹಾಗೆ ಆ ಕಡೆ ಈ ಕಡೆ ಮೆಲ್ಲಗೆ ಹೊಸೆಯತೊಡಗಿದರು. ಲೇತು ನಿಂತಿದೆಯೆಂದು ತಿಳಿದು ಬೆಕ್ಕು ಬಂದು ತನ್ನ ಜಾಗದಲ್ಲಿ ಮಲಗಿತು. ಹೊನ್ನೂರಿನ ಎಮ್ಮೆಯ ವಿಷಯ, ಶಿವರಾಜುವಿನ ಮರೆವಿನ ವಿಷಯ, ಮಾತು ಎಲ್ಲೆಲ್ಲಿಗೋ ಹೋಯಿತು. ಆ ಪುಟ್ಟ ಕೋಲು ಅವರ ಕೈಗಳ ನಡುವೆ ತಿರುಗುತ್ತಲೇ ಇತ್ತು.